ಆಂಡ್ರೊಮಿಡಾ: 22 ಲಕ್ಷವೋ, 25 ಲಕ್ಷವೋ?

ಪ್ರಶ್ನೆ: ನಕ್ಷತ್ರಗಳ ದೂರವನ್ನು ಜ್ಯೋತಿರ್ವರ್ಷಗಳಲ್ಲಿ ಹೇಳುತ್ತಾರೆ. ಹಾಗಾದರೆ ಅಲ್ಲಿಗೆ ಬೆಳಕನ್ನು ಕಳಿಸಿ, ಅದು ಮರಳಿ ಬರುವ ಕಾಲವನ್ನು ಅಳೆಯುತ್ತಾರೆಯೇ? ನನ್ನಲ್ಲಿರುವ ಹಳೆಯ ಪುಸ್ತಕದಲ್ಲಿ ಆಂಡ್ರೊಮಿಡಾ ಗೆಲಾಕ್ಸಿಯ ದೂರ 22 ಲಕ್ಷ ಜ್ಯೋತಿರ್ವರ್ಷ ಎಂದಿದೆ, ಮಗಳ ಪುಸ್ತಕದಲ್ಲಿ 25 ಲಕ್ಷ ಎಂದಿದೆ. ಯಾವುದು ಸರಿ?

ಉತ್ತರ: ನೀವು ಊಹಿಸಿದ ವಿಧಾನ ಇದೆ, ಆದರೆ ಅದು ಸೌರಮಂಡಲದ ಗಡಿ ದಾಟುವುದಿಲ್ಲ. 1969ರಿಂದ ಚಂದ್ರನ ಮೇಲೆ ಇರಿಸಿರುವ ಪ್ರತಿಫಲಕಗಳತ್ತ ಲೇಸರ್ ಹಾಯಿಸಿದರೆ ಬೆಳಕು ಸುಮಾರು ಎರಡೂವರೆ ಸೆಕೆಂಡಿನಲ್ಲಿ ಹಿಂತಿರುಗುತ್ತದೆ. ಶುಕ್ರನ ದೂರವನ್ನು 1961ರಲ್ಲಿ ರೇಡಾರ್‌ನಿಂದ ಹೀಗೆಯೇ ಅಳೆದರು. ಅತಿ ಸಮೀಪದ ನಕ್ಷತ್ರಕ್ಕೇ ಬೆಳಕು ಹೋಗಿಬರಲು ಎಂಟು ವರ್ಷ ಮೀರುವುದರಿಂದ, ಮತ್ತು ಬಂದರೂ ಅದನ್ನು ಗುರುತಿಸುವಷ್ಟು ಬೆಳಕು ಉಳಿದಿರುವುದಿಲ್ಲವಾದ್ದರಿಂದ, ಅಲ್ಲಿ ಬೇರೆ ಉಪಾಯ ಬೇಕು. ಜ್ಯೋತಿರ್ವರ್ಷವೆಂಬುದು ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ; ಮೈಲಿಯಂತೆ ಒಂದು ಮಾನ ಮಾತ್ರ, ಅಳೆಯುವ ಕ್ರಮವಲ್ಲ.

ತೋಳನ್ನು ಚಾಚಿ ಹೆಬ್ಬೆರಳನ್ನು ನಿಲ್ಲಿಸಿ, ಒಂದೊಂದೇ ಕಣ್ಣು ಮುಚ್ಚಿ ನೋಡಿ. ಹಿಂದಿನ ಗೋಡೆಯ ಕ್ಯಾಲೆಂಡರಿನ ಮುಂದೆ ಬೆರಳು ಅತ್ತಿತ್ತ ಜಿಗಿದಂತೆ ಕಾಣುತ್ತದೆ, ಬೆರಳನ್ನು ಹತ್ತಿರ ತಂದಷ್ಟೂ ಜಿಗಿತ ಹೆಚ್ಚುತ್ತದೆ. ಭೂಮಿ ಆರು ತಿಂಗಳಲ್ಲಿ ಸೂರ್ಯನ ಆಚೆ ಬದಿಗೆ ಹೋಗುವುದರಿಂದ ನಮಗೆ 30 ಕೋಟಿ ಕಿಲೋಮೀಟರ್ ಅಂತರದ ಎರಡು ಕಣ್ಣು ದೊರೆತಂತಾಗುತ್ತದೆ. ಹಾಗಿದ್ದೂ ಜಿಗಿತ ಅತ್ಯಲ್ಪ: ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು ಐದು ಕಿಲೋಮೀಟರ್ ದೂರದಿಂದ ನೋಡಿದರೆ ಆಗುವ ಕೋನ ಒಂದು ಆರ್ಕ್ ಸೆಕೆಂಡ್, ಅಂದರೆ ಒಂದು ಡಿಗ್ರಿಯ 3600ನೇ ಒಂದು ಪಾಲು. ಸೂರ್ಯನನ್ನು ಬಿಟ್ಟರೆ ಯಾವ ನಕ್ಷತ್ರದ ಪಾರಲ್ಯಾಕ್ಸ್ ಕೋನವೂ (ಈ ಜಿಗಿತದ ಅರ್ಧ) ಅಷ್ಟಿಲ್ಲ. ಜರ್ಮನ್ ಖಗೋಳವಿಜ್ಞಾನಿ ಬೆಸೆಲ್ 1838ರಲ್ಲಿ 61 ಸಿಗ್ನಿ ಎಂಬ ಮಂಕು ನಕ್ಷತ್ರಕ್ಕೆ ಅದರ ಮೂರನೇ ಒಂದರಷ್ಟು ಕೋನವನ್ನು ಅಳೆದು, ದೂರ ಸುಮಾರು 10 ಜ್ಯೋತಿರ್ವರ್ಷವೆಂದರು. ಇಂದಿನ ಲೆಕ್ಕ 11.4. ಆ ಕಾಲದ ಉಪಕರಣವನ್ನು ನೆನೆದರೆ ಇದು ಬೆರಗಿನ ಕೆಲಸ. 2013ರಲ್ಲಿ ಹಾರಿದ ಗಾಯಾ ಉಪಗ್ರಹ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳಿಗೆ ಇದನ್ನೇ ಮಾಡಿತು.

ಗೆಲಾಕ್ಸಿಗಳು ಇದಕ್ಕೂ ಎಟುಕುವುದಿಲ್ಲ. ಅಲ್ಲಿ ಆಸರೆ ಪ್ರಕಾಶ. ಕತ್ತಲಲ್ಲಿ ಕಾಣುವ ದೀಪ ಹತ್ತಿರದ ಬುಡ್ಡಿಯೋ ದೂರದ ಲಾರಿಯೋ ಎಂಬುದು ದೀಪದ ನಿಜವಾದ ಶಕ್ತಿ ಗೊತ್ತಿಲ್ಲದೆ ತಿಳಿಯದು. ಗೊತ್ತಿದ್ದರೆ, ದೂರ ಇಮ್ಮಡಿಯಾದಾಗ ಬೆಳಕು ಕಾಲು ಭಾಗಕ್ಕಿಳಿಯುವ ನಿಯಮದಿಂದ ದೂರವನ್ನು ಲೆಕ್ಕ ಹಾಕಬಹುದು. ಆ ಶಕ್ತಿಯನ್ನು ತಿಳಿಯುವ ದಾರಿ ತೋರಿದವರು ಹಾರ್ವರ್ಡ್ ವೀಕ್ಷಣಾಲಯದಲ್ಲಿ ಗಾಜಿನ ಫೋಟೊ ಫಲಕಗಳನ್ನು ಪರಿಶೀಲಿಸುತ್ತಿದ್ದ ಹೆನ್ರಿಯೆಟಾ ಲೆವಿಟ್. ನಮ್ಮ ನೆರೆಯ ಪುಟ್ಟ ಗೆಲಾಕ್ಸಿಯಾದ ಕಿರಿಯ ಮೆಗಲಾನಿಕ್ ಮೋಡದ 25 ಸೆಫೀಡ್ (ಹೊಳಪು ನಿಯತವಾಗಿ ಏರಿಳಿಯುವ) ನಕ್ಷತ್ರಗಳಲ್ಲಿ, ಹೊಳಪು ಏರಿಳಿಯುವ ಅವಧಿ ಹೆಚ್ಚಿದಷ್ಟೂ ಪ್ರಕಾಶ ಹೆಚ್ಚಿರುವುದನ್ನು ಅವರು 1912ರಲ್ಲಿ ತೋರಿಸಿದರು. ಎಲ್ಲವೂ ಒಂದೇ ಮೋಡದಲ್ಲಿ, ಹೆಚ್ಚುಕಡಿಮೆ ಒಂದೇ ದೂರದಲ್ಲಿದ್ದುದರಿಂದ ಆ ವ್ಯತ್ಯಾಸ ನಿಜವಾದದ್ದೇ ಆಗಿರಬೇಕಿತ್ತು.

1923ರ ಅಕ್ಟೋಬರ್‌ನಲ್ಲಿ ತೆಗೆದ ಆಂಡ್ರೊಮಿಡಾ ಫಲಕದಲ್ಲಿ ಅಮೆರಿಕದ ಖಗೋಳವಿಜ್ಞಾನಿ ಹಬಲ್ ಒಂದು ಚುಕ್ಕಿಗೆ ನೋವಾ (ಹಠಾತ್ತನೆ ಬೆಳಗುವ ನಕ್ಷತ್ರ) ಎಂಬರ್ಥದ 'ಎನ್' ಬರೆದಿದ್ದರು. ಅನಂತರ ಅದನ್ನು ಹೊಡೆದುಹಾಕಿ 'ವೇರ್!' (ವೇರಿಯಬಲ್, ಅಂದರೆ ಹೊಳಪು ಬದಲಾಗುವ ನಕ್ಷತ್ರ) ಎಂದು ತಿದ್ದಿದರು. ಅದು ಸುಮಾರು 31 ದಿನಗಳ ಅವಧಿಯ ಸೆಫೀಡ್ ಆಗಿತ್ತು. ಅದರಿಂದ ಹಬಲ್ ಪಡೆದ ದೂರ ಸುಮಾರು 9 ಲಕ್ಷ ಜ್ಯೋತಿರ್ವರ್ಷ. ಸೆಫೀಡ್‌ಗಳಲ್ಲಿ ಎರಡು ಬಗೆಯಿದ್ದು, ಒಂದರ ಅಳತೆಗೋಲನ್ನು ಇನ್ನೊಂದಕ್ಕೆ ಹಿಡಿದಿದ್ದಾರೆಂದು ಖಗೋಳವಿಜ್ಞಾನಿ ವಾಲ್ಟರ್ ಬಾಡೆ 1952ರಲ್ಲಿ ತೋರಿಸಿದಾಗ, ಗೆಲಾಕ್ಸಿಗಳ ದೂರಗಳೆಲ್ಲ ಒಮ್ಮೆಲೇ ಇಮ್ಮಡಿಯಾದವು. ನಿಮ್ಮ ಪುಸ್ತಕದ 22 ಲಕ್ಷ ಈ ತಿದ್ದುಪಡಿಯ ನಂತರದ ಅಂಕಿ. ನಡುವಿನ ಧೂಳು ಹೀರಿದ ಬೆಳಕಿನ ಲೆಕ್ಕವೂ ಹತ್ತಿರದ ಸೆಫೀಡ್‌ಗಳ ದೂರವೂ ನಿಖರವಾಗುತ್ತ ಬಂದಂತೆ ಅದು 25 ಲಕ್ಷಕ್ಕೆ ಬಂದಿದೆ. ಮಗಳ ಪುಸ್ತಕವನ್ನೇ ನಂಬಬಹುದು. ಗೆಲಾಕ್ಸಿ ದೂರ ಸರಿದಿರಬಹುದೆಂಬ ಶಂಕೆ ಬೇಡ. ಅದು ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ನಮ್ಮತ್ತಲೇ ಬರುತ್ತಿದೆ. ನಲವತ್ತು ವರ್ಷಗಳಲ್ಲಿ ಹತ್ತಿರವಾಗುವುದು ಒಂದು ಜ್ಯೋತಿರ್ವರ್ಷದ ನೂರರಲ್ಲಿ ಒಂದೂವರೆ ಪಾಲಿನಷ್ಟು.