ಕೌನ್ಸೆಲರ್ ಮುಂದೆ ಕೂತಾಗ ಮಾತೇ ಹೊರಡುವುದಿಲ್ಲ, ಏನು ಮಾಡಲಿ?

ಒಳಗೆ ಹೋಗಿ ಕೂತ ತಕ್ಷಣ ತಲೆ ಖಾಲಿಯಾಗುತ್ತದೆ, 'ಪರವಾಗಿಲ್ಲ' ಅಂತ ಹೇಳಿ ಎದ್ದು ಬರುತ್ತೇನೆ, ಮನೆಗೆ ಬಂದ ಮೇಲೆ ಎಲ್ಲ ನೆನಪಾಗಿ ಅಳು ಬರುತ್ತದೆ ಅಂತ ಬರೆದಿದ್ದೀರಿ. ಅವರ ಸಮಯ ಹಾಳು ಮಾಡುತ್ತಿದ್ದೇನಾ ಅಂತಲೂ ಕೇಳಿದ್ದೀರಿ. ಖಂಡಿತ ಇಲ್ಲ. ನಾನೂ ಖಿನ್ನತೆಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದೇನೆ. ಬಾಯಿ ಕಟ್ಟಿದ ಹಾಗೆ ಕೂರುವುದು ಎಷ್ಟು ಹಿಂಸೆ ಅಂತ ನನಗೆ ಗೊತ್ತು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಇಷ್ಟೇ: ಭಾವನೆಯನ್ನು ಹೇಳಲು ಹೋಗಬೇಡಿ, ನಡೆದದ್ದನ್ನು ಹೇಳಿ. 'ಹೇಗನ್ನಿಸುತ್ತಿದೆ?' ಅನ್ನುವುದು ಆರೋಗ್ಯವಾಗಿ ಇರುವವರಿಗೂ ಕಷ್ಟದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತಾ ಕೂತರೆ 'ಬೇಜಾರು', 'ಸುಮ್ನೆ ಒಂಥರಾ' ಇಷ್ಟೇ ಸಿಗುವುದು. ಅದರ ಬದಲು ಹೀಗೆ ಹೇಳಿ ನೋಡಿ: 'ಮಂಗಳವಾರ ಸ್ನಾನ ಮಾಡಲಿಲ್ಲ. ಅಕ್ಕ ಫೋನ್ ಮಾಡಿದಳು, ಎತ್ತಲಿಲ್ಲ. ದಿನಾ ಬೆಳಗಿನ ಜಾವ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಬರುವುದಿಲ್ಲ.' ಇಲ್ಲಿ ಭಾವನೆಯ ಮಾತು ಒಂದೂ ಇಲ್ಲ. ಆದರೆ ಎದುರಿಗೆ ಕೂತವರಿಗೆ ಇದರಿಂದ ತುಂಬಾ ತಿಳಿಯುತ್ತದೆ. ಹೊತ್ತಿಗೆ ಮುಂಚೆ ಎಚ್ಚರವಾಗುವುದು ಖಿನ್ನತೆಯಲ್ಲಿ ವೈದ್ಯರು ಗಮನವಿಟ್ಟು ಕೇಳುವ ಲಕ್ಷಣ. ಅಕ್ಕನ ಫೋನ್ ಯಾಕೆ ಎತ್ತಲಿಲ್ಲ ಅಂತ ಅವರೇ ಕೇಳುತ್ತಾರೆ. ಮಾತು ಅಲ್ಲಿಂದ ತಾನಾಗಿ ಮುಂದೆ ಹೋಗುತ್ತದೆ.

ಆದರೆ ಆ ಮಂಗಳವಾರವೇ ನೆನಪಾಗಬೇಕಲ್ಲ, ಅದೇ ತೊಂದರೆ ಅಲ್ವಾ? ಇದು ನಿಮ್ಮ ಕೊರತೆ ಅಲ್ಲ. ಮಾರ್ಕ್ ವಿಲಿಯಮ್ಸ್ ಮತ್ತು ಕೀತ್ ಬ್ರಾಡ್‌ಬೆಂಟ್ ಎಂಬ ಮನಶ್ಶಾಸ್ತ್ರಜ್ಞರು 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆತ್ಮಹತ್ಯೆಗೆ ಪ್ರಯತ್ನಿಸಿ ಬದುಕುಳಿದವರಿಗೆ ಒಂದೊಂದು ಪದ ಕೊಟ್ಟು, ಅದಕ್ಕೆ ಹೊಂದುವ ಒಂದು ಘಟನೆ ನೆನಪಿಸಿಕೊಳ್ಳಿ ಅಂದರು. ಅವರಿಗೆ ಒಂದು ದಿನದ, ಒಂದು ಹೊತ್ತಿನ ಘಟನೆ ಸುಲಭಕ್ಕೆ ಸಿಗಲಿಲ್ಲ. 'ಯಾವಾಗಲೂ ಹೀಗೇ ಆಗುತ್ತಿತ್ತು' ಅನ್ನುವಂಥ ಒಟ್ಟಾರೆ ನೆನಪುಗಳೇ ಜಾಸ್ತಿ ಬಂದವು. ಖಿನ್ನತೆ ಇರುವವರಲ್ಲೂ ಇದೇ ಕಾಣುತ್ತದೆ ಅಂತ ಆಮೇಲಿನ ಅಧ್ಯಯನಗಳು ತೋರಿಸಿವೆ. ಇದನ್ನು ಓದಿದಾಗ ನನಗೆ ದೊಡ್ಡ ಸಮಾಧಾನವಾಯಿತು. 'ಈ ವಾರ ಹೇಗಿತ್ತು?' ಅಂದರೆ 'ಹಾಗೇ ಇದೆ' ಅನ್ನುವ ಉತ್ತರ ಬರುವುದರಲ್ಲಿ ಕಾಯಿಲೆಯ ಕೈವಾಡವೂ ಇದೆ. ಅದರ ಮೇಲೆ ಹೊಸ ಕೋಣೆ, ಗಡಿಯಾರ, ತಪ್ಪು ತಿಳಿದುಕೊಂಡುಬಿಟ್ಟರೆ ಅನ್ನುವ ಭಯ. ಮಾತು ಎಲ್ಲಿಂದ ಹೊರಡಬೇಕು?

ಹಾಗಾಗಿ ನೆನಪನ್ನು ನಂಬಿ ಹೋಗಬೇಡಿ. ಕಷ್ಟ ಆದ ಹೊತ್ತಿನಲ್ಲೇ ಫೋನಿನಲ್ಲಿ ಎರಡು ಸಾಲು ಬರೆದಿಡಿ. ದಿನ, ಸಮಯ, ಏನಾಯಿತು, ಆಗ ಏನು ಮಾಡಿದಿರಿ. ಅಷ್ಟು ಸಾಕು, ಚೆನ್ನಾಗಿ ಬರೆಯಬೇಕು ಅಂತಿಲ್ಲ. ಬರೆಯಲೂ ಆಗದಿದ್ದರೆ ವಾಯ್ಸ್ ರೆಕಾರ್ಡ್ ಮಾಡಿ. ಹೋಗುವ ಹಿಂದಿನ ದಿನ ಅದರಲ್ಲಿ ಮುಖ್ಯವಾದದ್ದನ್ನು ಒಂದು ಹಾಳೆಗೆ ಇಳಿಸಿಕೊಳ್ಳಿ. ಒಳಗೆ ಹೋದ ಕೂಡಲೇ ಹಾಳೆಯನ್ನು ಅವರ ಕೈಗೆ ಕೊಡಿ. ಓದಿ ಹೇಳುತ್ತೇನೆ ಅಂತ ಇಟ್ಟುಕೊಂಡರೆ ಗಂಟಲು ಕಟ್ಟಿ ಅದು ಚೀಲದಲ್ಲೇ ಉಳಿದುಬಿಡುತ್ತದೆ. ಕೊಟ್ಟುಬಿಟ್ಟರೆ ಅವರು ಓದಿಕೊಳ್ಳುತ್ತಾರೆ, ನಿಮಗೆ ಉಸಿರಾಡಲು ಸಮಯ ಸಿಗುತ್ತದೆ. ಬರೆದು ತರುವವರನ್ನು ಅವರು ದಿನಾ ನೋಡುತ್ತಾರೆ, ಯಾರೂ ವಿಚಿತ್ರ ಅಂದುಕೊಳ್ಳುವುದಿಲ್ಲ.

ಮೈಯಲ್ಲಿ ಆಗುವುದನ್ನೂ ಬರೆಯಿರಿ. ಎದೆ ಭಾರ, ಹೊಟ್ಟೆ ತೊಳಸುವುದು, ತಲೆ ಧಿಮ್ ಅನ್ನುವುದು, ಕೈ ನಡುಗುವುದು. ಕೆಲವರಿಗೆ ತಮ್ಮ ಭಾವನೆ ಯಾವುದು ಅಂತ ಗುರುತಿಸುವುದೇ ಕಷ್ಟ. ಪೀಟರ್ ಸಿಫ್ನಿಯೋಸ್ ಎಂಬ ಮನೋವೈದ್ಯ 1970ರ ದಶಕದಲ್ಲಿ ಇದನ್ನು ಅಲೆಕ್ಸಿಥೈಮಿಯಾ ಎಂದು ಕರೆದರು. ಅದೇ ಒಂದು ಕಾಯಿಲೆ ಅಲ್ಲ. ಅಂಥವರಿಗೆ ಮನಸ್ಸಿಗಿಂತ ಮೈಯ ವಿಷಯ ಹೇಳುವುದು ಸುಲಭ. ಮನೆಯಲ್ಲಿ ಆಡುವ ಮಾತಿನಲ್ಲೇ ಹೇಳಿ, ಡಾಕ್ಟರ್ ಪದಗಳು ಬೇಡ.

ಪ್ರಶ್ನೆಪಟ್ಟಿ ಕೊಟ್ಟರೆ ಅದನ್ನು ಬೇಗ ಮುಗಿಸುವ ಫಾರಂ ಅಂತ ನೋಡಬೇಡಿ. ಬಾಯಿ ಬಿಡಲಾಗದ ನಮ್ಮಂಥವರಿಗೆ ಅದು ದೊಡ್ಡ ಸಹಾಯ. ಖಿನ್ನತೆ ಎಷ್ಟಿದೆ ಅಂತ ಅಳೆಯಲು ಪಿಎಚ್‌ಕ್ಯೂ-9 ಅಂತ ಒಂದು ಪ್ರಶ್ನೆಪಟ್ಟಿ ಇದೆ. 9 ಪ್ರಶ್ನೆ, ಕಳೆದ 2 ವಾರದ ಬಗ್ಗೆ ಮಾತ್ರ. ಒಂದೊಂದಕ್ಕೂ 0ಯಿಂದ 3ರವರೆಗೆ ಗುರುತು ಹಾಕಬೇಕು. ಸಾಯುವ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆ ಬಗ್ಗೆ ಕೇಳುವುದು ಕೊನೆಯ ಪ್ರಶ್ನೆ. ಅಲ್ಲಿ ಮಾತ್ರ ದಯವಿಟ್ಟು ಕಮ್ಮಿ ಮಾಡಿ ಹಾಕಬೇಡಿ. ಅಂಥ ಯೋಚನೆ ಇದ್ದರೆ ಹಾಳೆಯ ಮೊದಲನೇ ಸಾಲೇ ಅದಾಗಲಿ. ಮುಂದಿನ ಭೇಟಿ ದೂರ ಇದ್ದರೆ ಕಾಯಬೇಡಿ, ಇವತ್ತೇ ಕೌನ್ಸೆಲರ್‌ಗೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಿ.

'ಮನೆಯವರಿಗೆ ಹೇಳಿಬಿಡುತ್ತಾರೆ' ಅನ್ನುವ ಹೆದರಿಕೆಗೂ ಎಷ್ಟೋ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ. ಇದನ್ನು ಅವರನ್ನೇ ನೇರ ಕೇಳಿ: 'ನಾನು ಹೇಳಿದ್ದು ಯಾರಿಗೆ ಗೊತ್ತಾಗುತ್ತದೆ?' ನೀವು ಹೇಳಿದ್ದನ್ನು ಗುಟ್ಟಾಗಿ ಇಡುವುದು ಅವರ ಕೆಲಸದ ಭಾಗ. ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಅಪಾಯ ಇದ್ದಾಗ ಆ ನಿಯಮ ಸಡಿಲವಾಗಬಹುದು. ಎಲ್ಲಿಯವರೆಗೆ ಗುಟ್ಟು, ಎಲ್ಲಿಂದ ಅಲ್ಲ ಅಂತ ಅವರು ವಿವರಿಸಬೇಕು. ನನ್ನ ಮಟ್ಟಿಗೆ ಇದು ಮೊದಲ ಭೇಟಿಯಲ್ಲೇ ಕೇಳಬೇಕಾದ ಪ್ರಶ್ನೆ.

ಮಾತ್ರೆ ಬರೆಯುವ ಮನೋವೈದ್ಯರ ಹತ್ತಿರ ಸಾಮಾನ್ಯವಾಗಿ ಸಮಯ ಕಮ್ಮಿ. ಅಲ್ಲಿ ನಿದ್ದೆ, ಊಟ, ಕೆಲಸ, ಮಾತ್ರೆಯಿಂದ ಆಗುತ್ತಿರುವ ತೊಂದರೆ, ಮಾತ್ರೆ ಬಿಟ್ಟ ದಿನಗಳು, ಇಷ್ಟು ಹೇಳಿದರೂ ಕೆಲಸ ಆಗುತ್ತದೆ. ಹಳೆಯ ನೋವು, ಮನೆಯ ವಿಷಯ ಕೌನ್ಸೆಲರ್ ಜೊತೆಗಿರಲಿ.

ಅತಿ ಕಷ್ಟದ ವಿಷಯ ನಮ್ಮ ಬಾಯಿಂದ ಬರುವುದು ಎದ್ದು ಹೊರಡುವಾಗ. ಇದು ಕೌನ್ಸೆಲರ್‌ಗಳಿಗೆಲ್ಲ ಗೊತ್ತಿರುವ ಸಂಗತಿ. ಆದ್ದರಿಂದ ಶುರುವಿನಲ್ಲೇ ಹೇಳಿಬಿಡಿ: 'ಒಂದು ವಿಷಯ ಇದೆ, ಈಗ ಹೇಳಲು ಆಗುತ್ತಿಲ್ಲ, ಸ್ವಲ್ಪ ಹೊತ್ತಾದ ಮೇಲೆ ನೀವೇ ಕೇಳಿ.' ಅಥವಾ 'ಇಲ್ಲಿ ಕೂತರೆ ಮಾತು ಬರುವುದಿಲ್ಲ, ಮನೆಗೆ ಹೋಗಿ ಅಳುತ್ತೇನೆ' ಅಂತ ನಮಗೆ ಬರೆದದ್ದನ್ನೇ ಅವರಿಗೂ ಹೇಳಿ. ಮಾತು ಬರದಿರುವುದೂ ಅವರು ತಿಳಿಯಬೇಕಾದ ವಿಷಯವೇ. ಒಳ್ಳೆಯವರಾದರೆ ಪ್ರಶ್ನೆ ಕೇಳುವ ರೀತಿ ಬದಲಿಸುತ್ತಾರೆ, ಸುಮ್ಮನೆ ಕೂರಲು ಬಿಡುತ್ತಾರೆ. ಅತ್ತರೂ ಗಾಬರಿಯಾಗುವುದಿಲ್ಲ.

ಇಷ್ಟು ಹೇಳಿದ ಮೇಲೂ ಅವಸರ ಮಾಡಿದರೆ, ನಿಮ್ಮ ಮಾತನ್ನು ತೇಲಿಸಿಬಿಟ್ಟರೆ, ಬೇರೆಯವರನ್ನು ನೋಡಿ. ಅದರಲ್ಲಿ ತಪ್ಪೇನೂ ಇಲ್ಲ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೊಸಬರು ಸಿಗುವವರೆಗೆ ನೀವಾಗಿಯೇ ನಿಲ್ಲಿಸಬೇಡಿ. ಹಳೆಯ ಹಾಳೆಗಳನ್ನೂ ಎಸೆಯಬೇಡಿ. ಹೊಸಬರಿಗೆ ಅವನ್ನೇ ಕೊಟ್ಟರೆ, ಎಲ್ಲವನ್ನೂ ಮೊದಲಿನಿಂದ ಬಾಯಿಬಿಟ್ಟು ಹೇಳುವ ಕಷ್ಟ ತಪ್ಪುತ್ತದೆ.