ಒಂದು ಮಗುವಿನ ಅಳತೆಗೋಲು ಅವಳಿಗಳಿಗೆ ಸಲ್ಲದು

ಪತ್ರ: ನನಗೆ 29 ವರ್ಷ. ಚೊಚ್ಚಲ ಬಸಿರು, ಅವಳಿ ಮಕ್ಕಳು. ಈಗ 22ನೇ ವಾರ. ಬಸಿರಾಗುವ ಮೊದಲು 54 ಕಿಲೋ ಇದ್ದೆ, ಎತ್ತರ 158 ಸೆಂಟಿಮೀಟರ್. ಮೊದಲ ಮೂರು ತಿಂಗಳು ವಾಂತಿಯ ಕಾಟದಿಂದ ತೂಕ ಏರಲೇ ಇಲ್ಲ. ಈಗ 61 ಕಿಲೋ. ದಿನಕ್ಕೆರಡು ಸಲ ತೂಕ ನೋಡುತ್ತೇನೆ. ಮೊಬೈಲ್ ಆ್ಯಪ್‌ನಲ್ಲಿ ನನ್ನ ಗೆರೆ ಕೆಂಪು ಬಣ್ಣಕ್ಕೆ ಹೋಗಿದೆ. ಹೆದರಿ ಹತ್ತು ದಿನಗಳಿಂದ ರಾತ್ರಿಯ ಊಟ ಬಿಟ್ಟಿದ್ದೇನೆ. ಮಾಡುತ್ತಿರುವುದು ಸರಿಯೇ? ಹೆಸರು ಪ್ರಕಟಿಸಬೇಡಿ.

ಸಂಪಾದಕರ ಉತ್ತರ:

ಪ್ರಿಯ ಸಹೋದರಿ,

ನಿಮ್ಮ ಪತ್ರ ಕೈಸೇರಿದ ದಿನವೇ ಮೂರು ಸಾಲಿನ ಉತ್ತರ ಕಳುಹಿಸಿದ್ದೆ: ರಾತ್ರಿಯ ಊಟ ಬಿಡಬೇಡಿ, ಆ್ಯಪ್ ನೋಡುವುದನ್ನು ನಿಲ್ಲಿಸಿ, ಈ ವಾರವೇ ವೈದ್ಯರನ್ನು ಕಾಣಿರಿ. ಸಂಚಿಕೆ ಅಚ್ಚಾಗುವವರೆಗೆ ಕಾಯುವ ವಿಷಯ ಅದಾಗಿರಲಿಲ್ಲ. ಇಲ್ಲಿ ವಿವರವಾಗಿ ಬರೆಯುತ್ತಿರುವುದು ನಿಮ್ಮಂತೆಯೇ ತೂಕದ ಯಂತ್ರದ ಮೇಲೆ ಉಸಿರು ಬಿಗಿಹಿಡಿದು ನಿಲ್ಲುವ ಇತರ ತಾಯಂದಿರಿಗೂ ಸೇರಿಸಿ.

ಪತ್ರದ ಅಂಚಿನಲ್ಲಿ ನೀವು ಪೆನ್ಸಿಲಿನಿಂದ ವಾರವಾರದ ತೂಕ ಬರೆದಿದ್ದೀರಿ. ಕೊನೆಯ 61ರ ಸುತ್ತ ಎರಡು ಸಲ ವೃತ್ತ ಎಳೆದಿದ್ದೀರಿ. ಆ ವೃತ್ತ ನೋಡಿ ನನಗೆ ಸಂಕಟವಾಯಿತು. ಏಕೆಂದರೆ ಅದರೊಳಗಿನ ಸಂಖ್ಯೆ ಹೆದರಬೇಕಾದುದೇ ಅಲ್ಲ.

ಆ್ಯಪ್ ಕೆಂಪಾದದ್ದು ಏಕೆ ಎಂಬುದನ್ನು ಮೊದಲು ನೋಡೋಣ. ಬಹುಪಾಲು ಆ್ಯಪ್‌ಗಳೂ ಕೈಪಿಡಿಗಳೂ ಬಳಸುವ ಲೆಕ್ಕ 2009ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಪ್ರಕಟಿಸಿದ್ದು. ಬಸಿರಿಗೆ ಮುಂಚಿನ ಬಿಎಂಐ, ಅಂದರೆ ಕಿಲೋ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ, 18.5ರಿಂದ 24.9ರ ನಡುವೆ ಇದ್ದರೆ, ಒಂದು ಮಗುವಿನ ಬಸಿರಿನಲ್ಲಿ ಒಟ್ಟು 11.5ರಿಂದ 16 ಕಿಲೋ ಏರಿಕೆ ಸಾಕು ಎನ್ನುತ್ತದೆ ಅದು. ನಿಮ್ಮದು 21.6, ಈ ಗುಂಪಿಗೇ ಸೇರಿದ್ದು. ಆ್ಯಪ್ ನಿಮ್ಮನ್ನು ಅಳೆದದ್ದು ಈ ಒಂದು ಮಗುವಿನ ಲೆಕ್ಕದಿಂದಲೇ ಇರಬೇಕು. ಆದರೆ ಅದೇ ವರದಿ ಅವಳಿಗಳಿಗೆ ಬೇರೆಯೇ ಸಾಲು ಕೊಟ್ಟಿದೆ: ನಿಮ್ಮ ಗುಂಪಿನವರಿಗೆ ಸುಮಾರು 17ರಿಂದ 25 ಕಿಲೋ. ಬಿಎಂಐ 25ರಿಂದ 29.9 ಇದ್ದವರಿಗೆ 14ರಿಂದ 23, ಅದಕ್ಕೂ ಹೆಚ್ಚಿದ್ದವರಿಗೆ 11ರಿಂದ 19. ತೀರಾ ಸಣಕಲಾಗಿದ್ದು ಅವಳಿ ಹೊತ್ತವರಿಗೆ ಅದು ಯಾವ ಸಂಖ್ಯೆಯನ್ನೂ ಕೊಟ್ಟಿಲ್ಲ, ಮಾಹಿತಿ ಸಾಲದು ಎಂಬ ಕಾರಣಕ್ಕೆ. ಅಂಥವರು ತೂಕದ ಗುರಿಯನ್ನು ತಮ್ಮ ವೈದ್ಯರೊಡನೆ ಕೂತೇ ನಿಶ್ಚಯಿಸಿಕೊಳ್ಳಬೇಕು.

ಈ ಸಂಖ್ಯೆಗಳು ಎಲ್ಲಿಂದ ಬಂದವು ಎಂದು ತಿಳಿದರೆ ಅವುಗಳನ್ನು ಎಷ್ಟು ನಂಬಬೇಕು ಎಂಬುದೂ ತಿಳಿಯುತ್ತದೆ. 37 ವಾರ ತುಂಬಿಸಿ, ಸರಾಸರಿ ಎರಡೂವರೆ ಕಿಲೋ ಅಥವಾ ಅದಕ್ಕೂ ಹೆಚ್ಚು ತೂಗುವ ಅವಳಿಗಳನ್ನು ಹೆತ್ತ ತಾಯಂದಿರ ತೂಕ ಎಷ್ಟು ಏರಿತ್ತು ಎಂದು ನೋಡಿ, ಅವರಲ್ಲಿ ನಡುವಿನ ಅರ್ಧದಷ್ಟು ಜನ ಯಾವ ಮಿತಿಯೊಳಗೆ ಇದ್ದರೋ ಅದನ್ನು ತೆಗೆದುಕೊಂಡಿದ್ದಾರೆ. ತಾತ್ಕಾಲಿಕ ಸಲಹೆ ಎಂದು ವರದಿಯೇ ಹೇಳಿಕೊಂಡಿದೆ. ಅಂದರೆ ಇದು ದಾಟಬಾರದ ಗಡಿಯಲ್ಲ, ದಾರಿಯ ಅಂದಾಜು.

ಈಗ ನಿಮ್ಮ ಲೆಕ್ಕ. 22 ವಾರಕ್ಕೆ 7 ಕಿಲೋ ಏರಿದ್ದೀರಿ. 36ನೇ ವಾರದ ಹೊತ್ತಿಗೆ ಕಡಿಮೆಯೆಂದರೂ 17 ಮುಟ್ಟಬೇಕೆಂದಾದರೆ ಉಳಿದ 14 ವಾರಗಳಲ್ಲಿ 10 ಕಿಲೋ ಬರಬೇಕು, ವಾರಕ್ಕೆ 700 ಗ್ರಾಂಗೂ ತುಸು ಹೆಚ್ಚು. ಅಂದರೆ ನೀವು ಮುಂದೆ ಹೋಗಿಲ್ಲ. ಹೆಚ್ಚೆಂದರೆ ಮೆಟ್ಟಿಲಿನ ಕೆಳಬದಿಯಲ್ಲಿದ್ದೀರಿ. ಇಂಥ ಹೊತ್ತಿನಲ್ಲಿ ಊಟ ಬಿಡುವುದು ತಲೆಕೆಳಗಾದ ಔಷಧ.

ಹೊತ್ತಿನ ಮಾತು ಬಂದುದರಿಂದ ಹೇಳುತ್ತೇನೆ, ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯ ಎನಿಸುವುದು ಇದೇ. ಅವಳಿಗಳಲ್ಲಿ ಅರ್ಧದಷ್ಟಾದರೂ 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ಒಂದೇ ಮಗು ಹೊತ್ತವಳು ಕೊನೆಯ ಒಂದೂವರೆ ತಿಂಗಳಲ್ಲಿ ಸರಿದೂಗಿಸಿಕೊಳ್ಳುವುದನ್ನು ಅವಳಿ ಹೊತ್ತವಳು ನೆಚ್ಚಿಕೊಳ್ಳುವಂತಿಲ್ಲ. 28 ವಾರದೊಳಗೆ ತಾಯಿ ಕೂಡಿಸಿಕೊಂಡ ತೂಕಕ್ಕೂ ಮಕ್ಕಳ ಹುಟ್ಟುತೂಕಕ್ಕೂ ನಂಟಿದೆಯೆಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಮೇಲಾಗಿ ಕೊನೆಯ ತಿಂಗಳುಗಳಲ್ಲಿ ತಿನ್ನಬೇಕೆಂದರೂ ಹೊಟ್ಟೆಯಲ್ಲಿ ಜಾಗವಿರುವುದಿಲ್ಲ. ನನ್ನ ತಂಗಿ ಅವಳಿಗಳನ್ನು ಹೊತ್ತಿದ್ದಾಗ ಇದನ್ನು ಕಣ್ಣಾರೆ ಕಂಡೆ. ಮೂವತ್ತನೆಯ ವಾರದ ಹೊತ್ತಿಗೆ ನಾಲ್ಕು ತುತ್ತಿಗೇ ತಟ್ಟೆ ಸರಿಸಿಬಿಡುತ್ತಿದ್ದಳು. ಅರ್ಧ ಗಂಟೆ ಕಳೆದರೆ ಮತ್ತೆ ಹಸಿವು. ಕೊನೆಗೆ ಹಾಸಿಗೆಯ ಪಕ್ಕದಲ್ಲೇ ಮುಚ್ಚಳದ ಡಬ್ಬಿಯೊಂದನ್ನು ಇಟ್ಟುಕೊಂಡು, ರಾತ್ರಿ ಎರಡು ಗಂಟೆಗೆ ಎದ್ದಾಗಲೂ ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕತ್ತಲಲ್ಲಿ ಆ ಮುಚ್ಚಳ ತೆರೆಯುವ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ನಿಮಗಿನ್ನೂ ತಟ್ಟೆ ತುಂಬ ಉಣ್ಣುವ ಶಕ್ತಿಯಿದೆ. ಈ ವಾರಗಳನ್ನು ಕಳೆದುಕೊಳ್ಳಬೇಡಿ.

ಏರಿದ ತೂಕವೆಲ್ಲ ಕೊಬ್ಬಾಗಿ ಉಳಿದುಬಿಡುತ್ತದೆ ಎಂಬ ಅಂಜಿಕೆ ನಿಮ್ಮ ಸಾಲುಗಳ ನಡುವೆ ಕಾಣುತ್ತದೆ. ಲೆಕ್ಕ ಹಾಕಿ ನೋಡಿ. ದಿನ ತುಂಬುವ ಹೊತ್ತಿಗೆ ಎರಡು ಮಕ್ಕಳೇ ಐದು ಕಿಲೋ ತೂಗಬಹುದು. ಮಾಸು (ಪ್ಲಾಸೆಂಟಾ), ಗರ್ಭಜಲ, ಹಲವು ಪಟ್ಟು ಬೆಳೆದ ಗರ್ಭಕೋಶ, ತುಂಬಿದ ಸ್ತನಗಳು, ಮೈಯಲ್ಲಿ ಹೆಚ್ಚಿದ ನೀರು ಇವೆಲ್ಲ ಅದರ ಮೇಲೆ. ರಕ್ತವಂತೂ ಒಂದೇ ಮಗುವಿದ್ದಾಗಲೇ ಅರ್ಧಕ್ಕೆ ಹತ್ತಿರ ಹೆಚ್ಚುತ್ತದೆ, ಅವಳಿಗಳಿದ್ದಾಗ ಇನ್ನೂ ಹೆಚ್ಚು. ಕೊಬ್ಬೂ ಒಂದಿಷ್ಟು ಸೇರುತ್ತದೆ, ಸೇರಬೇಕು. ಹಾಲೂಡಿಸುವ ಕಾಲಕ್ಕೆ ದೇಹ ಕೂಡಿಡುವ ಗಂಟು ಅದು.

ಹಾಗೆಂದು ಮೂರು ಜೀವಕ್ಕೆ ಮೂರು ಪಾಲು ಉಣ್ಣಬೇಕಿಲ್ಲ. ಹಿಂದಿನ ಊಟಕ್ಕಿಂತ ದಿನಕ್ಕೆ 600 ಕ್ಯಾಲೊರಿಯಷ್ಟು ಹೆಚ್ಚು ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಅದು ಇನ್ನೊಂದು ಸಾಧಾರಣ ಊಟದಷ್ಟು. ಬೇಳೆಕಾಳು, ಹಾಲು, ಮೊಸರು, ನಿಮ್ಮಲ್ಲಿ ತಿನ್ನುವ ರೂಢಿಯಿದ್ದರೆ ಮೊಟ್ಟೆ, ಮೀನು, ಮಾಂಸ: ಪ್ರೋಟೀನ್ ಪ್ರತಿ ಹೊತ್ತಿನಲ್ಲೂ ಇರಲಿ. ಸಿಹಿ ತಿಂಡಿ, ಕರಿದ ತಿನಿಸುಗಳಿಂದಲೂ ತೂಕ ಏರುತ್ತದೆ, ಆದರೆ ಅದರಿಂದ ಮಕ್ಕಳಿಗೆ ದಕ್ಕುವುದು ಅಲ್ಪ. ಕಬ್ಬಿಣಾಂಶದ ಮಾತ್ರೆಯ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಅವಳಿ ಬಸಿರಿನಲ್ಲಿ ರಕ್ತಹೀನತೆ ಹೆಚ್ಚು. ಮಾತ್ರೆಯನ್ನು ಚಹಾ, ಕಾಫಿ, ಹಾಲಿನ ಜೊತೆಗಾಗಲಿ ಕ್ಯಾಲ್ಸಿಯಂ ಮಾತ್ರೆಯ ಜೊತೆಗಾಗಲಿ ನುಂಗಿದರೆ ಮೈಗೆ ಸರಿಯಾಗಿ ಹಿಡಿಯುವುದಿಲ್ಲ.

ತೂಕವನ್ನು ವಾರಕ್ಕೊಮ್ಮೆ, ಅದೇ ಯಂತ್ರದಲ್ಲಿ, ಬೆಳಿಗ್ಗೆ ಮೂತ್ರ ಮಾಡಿ ಬಂದ ಮೇಲೆ ನೋಡಿ. ದಿನಕ್ಕೆರಡು ಸಲ ನೋಡುತ್ತೇನೆ ಎಂದು ಬರೆದಿದ್ದೀರಿ. ಎರಡು ಲೋಟ ನೀರು ಕುಡಿದರೂ ಸಂಖ್ಯೆ ಅಲುಗುತ್ತದೆ, ಅದರ ಹಿಂದೆ ಮನಸ್ಸೂ ಅಲುಗುತ್ತದೆ.

ನಿಜವಾಗಿ ಹೆದರಬೇಕಾದ ಏರಿಕೆ ಬೇರೆ ಇದೆ. ಎರಡು ಮೂರು ದಿನದಲ್ಲೇ ತೂಕ ಜಿಗಿಯುವುದು, ಮುಖ, ಕೈ ಊದಿಕೊಳ್ಳುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಇವುಗಳಲ್ಲಿ ಯಾವುದು ಕಾಣಿಸಿದರೂ ಅದು ರಕ್ತದೊತ್ತಡದ ತೊಂದರೆಯಿರಬಹುದು. ಅವಳಿ ಹೊತ್ತವರಿಗೆ ಅದರ ಅಪಾಯ ಹೆಚ್ಚು. ಹಾಗೆಯೇ, ಎರಡು ಮಕ್ಕಳಿಗೂ ಒಂದೇ ಮಾಸು ಇದ್ದರೆ ಒಂದು ಮಗುವಿನ ಕಡೆಯಿಂದ ಇನ್ನೊಂದರ ಕಡೆಗೆ ರಕ್ತ ಹೆಚ್ಚಾಗಿ ಹರಿದು, ಒಂದರ ಸುತ್ತ ನೀರು ತುಂಬಿಕೊಳ್ಳುವುದುಂಟು. ಆಗ ಹೊಟ್ಟೆ ಕೆಲವೇ ದಿನಗಳಲ್ಲಿ ಬಿಗಿದು ದೊಡ್ಡದಾಗುತ್ತದೆ, ಉಸಿರು ಕಟ್ಟುತ್ತದೆ. ಈ ಎರಡರಲ್ಲೂ ಮರುದಿನದ ಸರದಿಗೆ ಕಾಯದೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು. ಉಪವಾಸಕ್ಕೆ ಇಳಿಯುವ ತೂಕವಲ್ಲ ಅದು.

ನಿಮಗೆ ಮಾಸು ಒಂದೋ ಎರಡೋ ಎಂದು ಪತ್ರದಲ್ಲಿ ಬರೆದಿಲ್ಲ. ಮೊದಲ ಸ್ಕ್ಯಾನಿಂಗ್ ವರದಿಯಲ್ಲಿ ಅದು ಇರಬೇಕು, ಇಲ್ಲದಿದ್ದರೆ ವೈದ್ಯರನ್ನು ಕೇಳಿ. ಒಂದೇ ಆದರೆ 16ನೇ ವಾರದಿಂದ ಹದಿನೈದು ದಿನಕ್ಕೊಮ್ಮೆ ಸ್ಕ್ಯಾನ್ ಮಾಡಿ ನೋಡುವುದು ವಾಡಿಕೆ. ಸಕ್ಕರೆಯ ಪರೀಕ್ಷೆ ಯಾವಾಗ ಎಂದೂ ಕೇಳಿ. ಪತ್ರದ ಅಂಚಿನಲ್ಲಿ ಬರೆದ ಆ ತೂಕಗಳನ್ನು ಒಂದು ಹಾಳೆಗೆ ದಿನಾಂಕದೊಡನೆ ಇಳಿಸಿಕೊಂಡು ಹೋಗಿರಿ. ಊಟ ಬಿಟ್ಟ ಹತ್ತು ದಿನಗಳನ್ನು ಮುಚ್ಚಿಡಬೇಡಿ, ಅದನ್ನೂ ಅದೇ ಹಾಳೆಯಲ್ಲಿ ಗುರುತು ಹಾಕಿ. ಮತ್ತೆ ಪತ್ರ ಬರೆಯಿರಿ, ಮಾಸಿನ ವಿಷಯ ತಿಳಿಸಿ. ಕಾಯುತ್ತಿರುತ್ತೇನೆ.