ವಾರ್ಫರಿನ್ ಇದ್ದರೆ ಸಿಬಿಡಿ ಎಣ್ಣೆ ಬೇಡ
ಕಲಬುರಗಿಯಲ್ಲಿರುವ ನಿಮ್ಮ ತಂದೆಯವರ ಮೊಣಕಾಲು ನೋವಿಗೆ ಸಿಬಿಡಿ ಎಣ್ಣೆ (ಗಾಂಜಾ ಜಾತಿಯ ಗಿಡದಿಂದ ತೆಗೆದ ಸಿಬಿಡಿ ಅನ್ನೋ ಅಂಶ ಇರುವ ಎಣ್ಣೆ) ತರಿಸಿದ್ದೀರಿ. ಅವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತಗೋತಾರೆ, ರಾತ್ರಿ ಒಂದು ಪೆಗ್ಗೂ ಇದೆ, ಕೊಡಬಹುದಾ ಅಂತ ಕೇಳಿದ್ದೀರಿ. ಡಾಕ್ಟರ್ ಒಪ್ಪುವವರೆಗೆ ದಯವಿಟ್ಟು ಒಂದು ಹನಿಯೂ ಕೊಡಬೇಡಿ.

ನನಗೆ ಜಾಸ್ತಿ ಭಯ ವಾರ್ಫರಿನ್‌ದೇ. ಈ ಮಾತ್ರೆಯನ್ನು ಲಿವರ್‌ನ ಕಿಣ್ವಗಳು ಕರಗಿಸುತ್ತವೆ. ಸಿಬಿಡಿ ಅದೇ ಕಿಣ್ವಗಳನ್ನು ತಡೆಯುತ್ತದೆ. ಆಗ ಡೋಸ್ ಅಷ್ಟೇ ಇದ್ದರೂ ರಕ್ತದಲ್ಲಿ ಔಷಧಿ ಹೆಚ್ಚಾಗಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ತೋರಿಸುವ ರಕ್ತಪರೀಕ್ಷೆಯ ಅಂಕಿ) ಏರಬಹುದು, ಅಂದರೆ ರಕ್ತ ಸೋರಿದರೆ ಬೇಗ ನಿಲ್ಲುವುದಿಲ್ಲ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ, ಸುಮ್ನೆ ತಾಗಿದರೂ ನೀಲಿ ಕಲೆ, ಡಾಂಬರಿನಂಥ ಕಪ್ಪು ಮಲ ಕಂಡರೆ ತಡ ಮಾಡಬೇಡಿ. ಪುಂಡಿಪಲ್ಯದಂಥ ಸೊಪ್ಪನ್ನೂ ಒಂದೇ ಹದದಲ್ಲಿ ತಿನ್ನಬೇಕಾದ ಮಾತ್ರೆ ಇದು, ಅಲ್ವಾ?

ಪೆಗ್ ಮೇಲೆ ಸಿಬಿಡಿ ಬಿದ್ದರೆ ಮಂಪರು ಜಾಸ್ತಿ. ರಾತ್ರಿ ಬಚ್ಚಲಿಗೆ ಎದ್ದವರು ಜಾರಿ ಬಿದ್ದು ತಲೆಗೆ ಪೆಟ್ಟಾದರೆ, ವಾರ್ಫರಿನ್ ತಗೊಳ್ಳುವವರಿಗೆ ತಲೆಯೊಳಗೆ ರಕ್ತಸ್ರಾವ ಆಗುವ ಅಪಾಯ ಹೆಚ್ಚು.

ಈಗಾಗಲೇ ಸಿಬಿಡಿ ಎಣ್ಣೆ ಶುರು ಮಾಡಿದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಬಾಟಲಿ ತೋರಿಸಿ, ಐಎನ್‌ಆರ್ ಮಾಡಿಸಿ. ವಾರ್ಫರಿನ್ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ನೋವಿಗೆ ಅಂತ ಮೆಡಿಕಲ್‌ನಿಂದ ಐಬುಪ್ರೊಫೇನ್ ಕೂಡ ತರಬೇಡಿ, ಅದೂ ರಕ್ತಸ್ರಾವ ಹೆಚ್ಚಿಸುತ್ತದೆ.